ಪಿಳ್ಳಪ್ಪನವರ ತಲೆಗೆ ಹೋಗುವ ಮಾತು

ಕತ್ರಿಗುಪ್ಪೆಯ ಅಕ್ಕಯಮ್ಮ ಮದುವೆಯಾಗಿ ನಲವತ್ತೊಂದು ವರ್ಷವಾದರೂ ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಿದವರಲ್ಲ. ರೇಷನ್ ಕಾರ್ಡು ಮಾಡಿಸುವಾಗಲೂ ಪಕ್ಕದವರ ಕೈಲಿ ಹೇಳಿಸಿದ್ದರು. ಆ ಕೊರತೆಯನ್ನು ಗಂಡ ಪಿಳ್ಳಪ್ಪನವರೇ ಧಾರಾಳವಾಗಿ ತುಂಬಿಕೊಡುತ್ತಿದ್ದರು. ರಾಗಿ ಹೊಲ ಸೈಟುಗಳಾಗಿ, ಆರು ಬಾಡಿಗೆ ಮನೆಗಳ ಮಾಲೀಕರಾದ ಮೇಲಂತೂ ಅವರ ಮಾತೆಲ್ಲ ‘ಈ ಪಿಳ್ಳಪ್ಪ ಅಂದ್ರೆ ಏನಂದ್ಕೊಂಡಿದೀರ’ ಎಂದೇ ಶುರುವಾಗುತ್ತಿತ್ತು.

೧೯೮೪ರ ಬೇಸಿಗೆಯಲ್ಲಿ ಅವರಿಗೆ ಲಕ್ವ ಹೊಡೆಯಿತು. ಕೈಕಾಲು ಒಂದಿಷ್ಟು ಸುಧಾರಿಸಿತು. ಮಾತು ಮಾತ್ರ ಮರಳಲಿಲ್ಲ. ಬೇರೆಯವರ ಮಾತೂ ತಲೆಗೆ ಹೋಗುತ್ತಿರಲಿಲ್ಲ. ನೀರು ಬೇಕಾ ಎಂದರೆ ಗೋಡೆ ನೋಡುತ್ತಿದ್ದರು. ಇನ್ನುಳಿದ ಆಯುಸ್ಸೆಲ್ಲ ಹೀಗೆಯೇ ಎಂದು ಅಕ್ಕಯಮ್ಮನಿಗೆ ದಿಗಿಲು.

ಆಸ್ಪತ್ರೆಯಲ್ಲಿ ಮಾತು ಕಲಿಸುವ ಡಾಕ್ಟರಮ್ಮ ಹಣ್ಣು, ಬಣ್ಣ, ವಾರಗಳನ್ನೆಲ್ಲ ಕೇಳಿದರು. ಪಿಳ್ಳಪ್ಪ ಮಿಸುಕಲಿಲ್ಲ. ಕೊನೆಗೆ, ಪಿಳ್ಳಪ್ಪನವರಿಗೆ ಐದು ಮನೆ ಅಲ್ಲವೇ ಎಂದರು. ಪಿಳ್ಳಪ್ಪ ತಟ್ಟನೆ ತಿರುಗಿ ಆರು ಬೆರಳು ಎತ್ತಿದರು.

‘ತಮ್ದೇ ವಿಷಯ ಬಂದ್ರೆ ಮೆದುಳು ಎಚ್ಚರ ಆಗುತ್ತೆ ಅನ್ಸುತ್ತಮ್ಮಾ. ಯಾಕೆ ಅಂತ ನಂಗೂ ಪೂರ್ತಿ ಗೊತ್ತಿಲ್ಲ. ಎಲ್ಲ ಮಾತಿಗೂ ಅವ್ರ ಹೆಸ್ರು ಸೇರ್ಸಿ ನೋಡಿ.’

ಅಕ್ಕಯಮ್ಮ ಸೆರಗನ್ನು ಬಾಯಿಗೆ ಅಡ್ಡ ಹಿಡಿದರು. ಎರಡು ದಿನ ‘ಇವರು’, ‘ಯಜಮಾನರು’ ಎಂದು ಹೇಗೋ ತಳ್ಳಿದರು. ಗೋಡೆಯೇ ಗೆದ್ದಿತು. ಮೂರನೆಯ ದಿನ ದೇವರ ಕೋಣೆಯ ಬಾಗಿಲು ಮುಚ್ಚಿ ಬಂದು, ಕೆಮ್ಮಿ, ‘ಪಿಳ್ಳಪ್ಪನೋರ್ ಮುದ್ದೆ ಆರೋಗ್ತಾ ಐತೆ’ ಎಂದರು. ಪಿಳ್ಳಪ್ಪ ಎದ್ದು ಬಂದು ತಟ್ಟೆಯ ಮುಂದೆ ಕೂತರು.

ಆಮೇಲೆ ಅಕ್ಕಯಮ್ಮನಿಗೆ ಕುತೂಹಲ ಹತ್ತಿತು. ಮಳೆ ಎಂದರೆ ಇಲ್ಲ. ಪಿಳ್ಳಪ್ಪನವರ ತಾರಸಿಯ ಮೇಲೆ ಮಳೆ ಎಂದರೆ ಕಿಟಕಿಯತ್ತ ಕಣ್ಣು. ಬಾಡಿಗೆದಾರ ಸಿದ್ದಲಿಂಗಯ್ಯ ಮೇಷ್ಟ್ರು ಪೇಪರ್ ಓದುವಾಗ ಮಂತ್ರಿಯ ಜಾಗದಲ್ಲಿ ಮಾಲೀಕರನ್ನು ಕೂರಿಸಿದರು. ಪಿಳ್ಳಪ್ಪ ಸಂಪುಟ ವಿಸ್ತರಣೆಗೆ ಗಂಭೀರವಾಗಿ ತಲೆಯಾಡಿಸಿದರು.

‘ಅಕ್ಕಾ, ಇವ್ರು ಮೊದ್ಲೂ ಹಿಂಗೇ ಅಲ್ವಾ?’ ಎಂದರು ಮೇಷ್ಟ್ರು.

‘ಆಗ ಮಾತ್ ಬರ್ತಿತ್ತಲ್ಲ ಸಾಮಿ, ಗೊತ್ತಾಗ್ತಿರ್ಲಿಲ್ಲ.’

ಒಂದು ಮಧ್ಯಾಹ್ನ ಅಕ್ಕಯಮ್ಮ ಮಂಡಿ ಹಿಡಿದು ಕುಸಿದರು. ನೋವು ಎಂದು ನರಳಿದರೂ ಪಿಳ್ಳಪ್ಪನವರ ಕಣ್ಣು ಗೋಡೆ ಬಿಡಲಿಲ್ಲ. ಆಕೆ ಒಂದು ಗಳಿಗೆ ಯೋಚಿಸಿ, ‘ಪಿಳ್ಳಪ್ಪನೋರ್ ಹೆಂಡ್ರಿಗೆ ಮಂಡಿ ನೋವು’ ಎಂದರು.

ಪಿಳ್ಳಪ್ಪ ತಿರುಗಿದರು. ಆಕೆಯನ್ನು ಹೊಸಬರನ್ನು ನೋಡುವಂತೆ ನೋಡಿದರು. ಕಾಲೆಳೆಯುತ್ತ ಗೂಡಿನಿಂದ ಹರಳೆಣ್ಣೆ ಸೀಸೆ ತಂದು, ಎದುರಿಗೆ ಕೂತು, ತುಟಿ ಒದ್ದಾಡಿಸಿದರು.

‘ಯಾ... ಯಾವ್ ಕಾಲು?’