ಮೋಟಾರಿಗೂ ಒಂದು ರಜೆ

ಗುಂಡ ಉಸಿರಾಡುತ್ತಿದ್ದಾನೋ ಇಲ್ಲವೋ ಎಂಬ ಚಿಂತೆ ಮೂರು ವಾರದಿಂದ ದಿವ್ಯಳನ್ನು ಬಿಟ್ಟಿರಲಿಲ್ಲ. ಗುಂಡ ಎಂದರೆ ಮಗುವಲ್ಲ. ಹೆಬ್ಬೆರಳುದ್ದದ, ಕಿತ್ತಳೆ ಬಣ್ಣಕ್ಕೆ ಬಿಳಿ ಪಟ್ಟೆಯಿದ್ದ ಸಮುದ್ರದ ಮೀನು. ಮಗಳು ಗಗನ ಕೂಸಾಗಿದ್ದಾಗ ನಿದ್ದೆಯಲ್ಲೂ ಮೂಗಿನ ಕೆಳಗೆ ಬೆರಳಿಟ್ಟು ನೋಡುತ್ತಿದ್ದವಳು, ಈಗ ಬೆಳಿಗ್ಗೆ ಹಾಲು ಒಲೆಗಿಡುವ ಮೊದಲೇ ತೊಟ್ಟಿಯ ಗಾಜಿಗೆ ಮೂಗೊತ್ತಿ ನಿಲ್ಲುತ್ತಿದ್ದಳು.

ಭಯಕ್ಕೆ ಕಾರಣವಿತ್ತು. ಹಿಂದಿನ ವರ್ಷ ಸಿಹಿನೀರಿನ ಬುಡ್ಡಿಯಲ್ಲಿ ಗೋಲ್ಡ್‌ಫಿಶ್ ಸತ್ತಾಗಲೆಲ್ಲ, ಗಗನ ಸ್ಕೂಲಿನಿಂದ ಬರುವುದರೊಳಗೆ ದಿವ್ಯ ಅಂಥದ್ದೇ ಇನ್ನೊಂದನ್ನು ತಂದು ಬಿಡುತ್ತಿದ್ದಳು. ಎರಡು ಸಲ ನಡೆಯಿತು. ಮೂರನೇ ಸಲ ಐದು ವರ್ಷದ ಮಗಳು, "ಅಮ್ಮಾ, ಇದರ ಬಾಲದಲ್ಲಿದ್ದ ಚುಕ್ಕೆ ಎಲ್ಲೋಯ್ತು?" ಎಂದು ಕೇಳಿಬಿಟ್ಟಳು. ಅವತ್ತು ಗಗನ ಅತ್ತದ್ದು ಮೀನಿಗಲ್ಲ, ಅಮ್ಮ ಸುಳ್ಳು ಹೇಳಿದಳು ಎಂದು. ಇನ್ನು ಹೇಳುವುದಿಲ್ಲ ಎಂದು ದಿವ್ಯ ಆಣೆ ಮಾಡಬೇಕಾಯಿತು.

ಉಪ್ಪುನೀರಿನ ಹುಚ್ಚು ಹಿಡಿಸಿದವರು ಲಕ್ಷ್ಮೀಪುರಂನ ಸುಂದರೇಶ, ನಿವೃತ್ತ ಬಯಾಲಜಿ ಮೇಷ್ಟರು. ಗಗನಳ ಚಿತ್ರದ ಕ್ಲಾಸಿನ ಎದುರುಮನೆ. ಅವರ ಹಾಲಿನಲ್ಲಿ ಹವಳ, ಮೀನು, ಬಣ್ಣಬಣ್ಣದ ಸೀಗಡಿ ತುಂಬಿದ ಆಳೆತ್ತರದ ತೊಟ್ಟಿ. ಚಾಮರಾಜಪುರಂನ ತನ್ನ ಮನೆಗೂ ಅಂಥದ್ದೇ ಪುಟ್ಟದೊಂದು ಮಾಡಿಕೊಳ್ಳುತ್ತೇನೆ ಎಂದು ದಿವ್ಯ ಹೇಳಿದಾಗ ಅವರು ತಮ್ಮ ತೊಟ್ಟಿಯಿಂದಲೇ ಅರ್ಧ ಬಕೆಟ್ ಕಲ್ಲು ಕೊಟ್ಟರು.

"ಈ ಕಲ್ಲಲ್ಲಿ ಕಣ್ಣಿಗೆ ಕಾಣದ ಜೀವಾಣುಗಳಿವೆ. ಮೀನಿನ ಹೊಲಸು ತಿಂದು ನೀರು ಕಾಪಾಡೋದು ಅವೇ. ಅವು ಬೆಳೆಯೋಕೆ ಆರು ವಾರ ಬೇಕು. ಅಲ್ಲೀವರೆಗೂ ಬರೀ ಕಲ್ಲು ನೋಡ್ತಾ ಕೂತ್ಕೊಳ್ಳಿ. ನಡುವೆ ಮೀನು ತಂದ್ರೋ, ನನ್ನನ್ನ ಮಾತಾಡಿಸ್ಬೇಡಿ. ಪ್ರತಿ ಭಾನುವಾರ ಒಂದು ಫೋಟೋ ಕಳಿಸಿ."

ಕಲ್ಲು ಬಂತು, ಪ್ಯಾಕೆಟ್ಟಿನಲ್ಲಿ ಸಮುದ್ರದ ಉಪ್ಪು ಬಂತು, ಲೈಟು ಬಂತು, ನೀರು ಸೋಸುವ ಮೋಟಾರು ಬಂತು. ಅತ್ತೆ ಅಂಬುಜಮ್ಮ ಸೊಂಟಕ್ಕೆ ಕೈಕೊಟ್ಟು ನೋಡಿದರು. "ಕಲ್ಲಿಗೆ ಲೈಟು, ಕಲ್ಲಿಗೆ ಮೋಟ್ರು! ನಮ್ಮೂರಲ್ಲಿ ಕಲ್ಲು ಸುಮ್ಕೆ ಬಿಸ್ಲಲ್ಲಿ ಬಿದ್ದಿರ್ತಿತ್ತು ಕಣವ್ವ."

ಮೂರನೇ ವಾರ ಗಗನಳ ಹುಟ್ಟುಹಬ್ಬ. ಮಗಳ ಮುಖ ನೋಡಲಾಗದೆ ದಿವ್ಯ ಗುಂಡನನ್ನು ತಂದೇಬಿಟ್ಟಳು. ಆಮೇಲಿನ ಭಾನುವಾರಗಳಲ್ಲಿ, ಗುಂಡ ಕಲ್ಲಿನ ಹಿಂದೆ ಹೋಗುವವರೆಗೂ ಫೋನು ಹಿಡಿದು ಕಾದು, ಬರೀ ಕಲ್ಲಿನ ಫೋಟೋ ತೆಗೆದು ಕಳಿಸುತ್ತಿದ್ದಳು.

"ಗುಂಡನ್ನ ಯಾಕಮ್ಮ ಬಿಟ್ಟು ತೆಗೀತೀಯ?" ಎಂದಿದ್ದಳು ಗಗನ. ದಿವ್ಯ ಕೇಳಿಸದವಳಂತೆ ಅಡುಗೆಮನೆಗೆ ಹೋಗಿದ್ದಳು.

ಆಯುಧಪೂಜೆಯ ದಿನ ಬೆಳಿಗ್ಗೆ ಮಗಳೊಂದಿಗೆ ನಜರ್‌ಬಾದಿನ ತವರಿಗೆ ಹೋದವಳು ವಾಪಸ್ಸು ಬಂದಾಗ ಮೂರು ಗಂಟೆ. ಬಾಗಿಲು ದಾಟುತ್ತಲೇ ತೊಟ್ಟಿಯತ್ತ ನಡೆದಳು. ಮನೆ ತೀರಾ ಸದ್ದಿಲ್ಲದಂತಿತ್ತು. ತೊಟ್ಟಿಯ ಹಿಂಬದಿಗೆ ನೇತುಹಾಕಿದ್ದ ಫಿಲ್ಟರ್ ಡಬ್ಬಿಗೆ ಅರಿಶಿನ ಕುಂಕುಮ ಬಳಿದಿತ್ತು, ಮೇಲೊಂದು ಸೇವಂತಿಗೆ. ಸ್ವಿಚ್ಚು ಆಫ್.

"ಅತ್ತೆ! ಮೋಟಾರ್ ಯಾರು ನಿಲ್ಸಿದ್ದು?"

"ನಾನೇ ಕಣವ್ವ, ಬೆಳಿಗ್ಗೆನೇ. ಮಿಕ್ಸಿ, ಹೊಲಿಗೆ ಮಿಷನ್ನು ಎಲ್ಲಾ ಇವತ್ತು ಸುಮ್ಕವೆ. ಇದೊಂದು, ಬಂದಾಗಿಂದ ಹಗಲೂ ರಾತ್ರಿ ಗುರ್ ಅಂತಾನೇ ಅದೆ. ವರ್ಷಕ್ಕೊಂದಿನ ಇದಕ್ಕೂ ರಜ ಬ್ಯಾಡ್ವಾ? ಪೂಜೆ ಮಾಡಿ ಮಲಗಿಸ್ಬುಟ್ಟೆ."

ಗುಂಡ ನೀರಿನ ಮೇಲ್ಭಾಗಕ್ಕೆ ಬಂದು ಬಾಯಿ ತೆರೆದು ಮುಚ್ಚುತ್ತಿದ್ದ.

ದಿವ್ಯಳ ಕೈ ಸ್ವಿಚ್ಚಿನವರೆಗೆ ಹೋಗಿ ನಿಂತಿತು. ತುಂಬಾ ಹೊತ್ತು ಕರೆಂಟ್ ಹೋದರೆ ಡಬ್ಬಿಯೊಳಗೆ ನಿಂತ ನೀರು ಕೆಡುತ್ತದೆ, ಅದು ತೊಟ್ಟಿಗೆ ಹರಿದರೆ ಮೀನಿಗೆ ವಿಷ ಎಂದು ಮೇಷ್ಟರು ಹೇಳಿರಲಿಲ್ಲವೇ? ಎಷ್ಟು ಗಂಟೆಯಾದರೆ? ನೆನಪಾಗಲಿಲ್ಲ. ಹಾಕಿದರೆ ವಿಷ, ಹಾಕದಿದ್ದರೆ ಉಸಿರಿಲ್ಲ. ಗೊತ್ತಿರುವವರು ಒಬ್ಬರೇ.

ಫೋನು ತೆಗೆದು, 'ಸರ್, ನನ್ನ ಸ್ನೇಹಿತೆಯೊಬ್ಬಳ ಮನೆಯಲ್ಲಿ' ಎಂದು ಟೈಪ್ ಮಾಡಿದಳು. ಅಳಿಸಿದಳು.

"ಮೀನಿನ ತಾತಂಗೆ ಫೋನ್ ಮಾಡಮ್ಮ," ಗಗನಳ ದನಿ ಆಗಲೇ ಅಳುವಿಗೆ ತಿರುಗಿತ್ತು.

"ಬಯ್ತಾರೆ ಕಣೇ."

"ನಾನು ಸುಳ್ಳು ಹೇಳಿದ್ರೆ ನೀನೂ ಬಯ್ತೀಯ. ಆಮೇಲೆ ದೋಸೆ ಕೊಡ್ತೀಯಲ್ಲ."

ದಿವ್ಯ ಹೆಸರು ಹುಡುಕಿ ಒತ್ತಿದಳು.

"ಹೇಳೀಮ್ಮಾ, ಹಬ್ಬದೂಟ ಆಯ್ತಾ?"

"ಸರ್, ನಾನು ನಿಮ್ಮ ಹತ್ರ ಮುಚ್ಚಿಟ್ಟಿದ್ದೆ. ಮೂರು ವಾರದಿಂದ ತೊಟ್ಟೀಲಿ ಮೀನಿದೆ. ಬೆಳಿಗ್ಗೆಯಿಂದ ಮೋಟಾರ್ ನಿಂತಿದೆ, ಡಬ್ಬಿಗೆ ಕುಂಕುಮ ಬಿದ್ದಿದೆ, ಮೀನು ಮೇಲೆ ಬಂದು ಬಾಯಿ ಬಾಯಿ ಬಿಡ್ತಿದೆ." ಎಲ್ಲ ಒಂದೇ ಉಸಿರಿಗೆ.



"ಭಾನುವಾರ ಬಯ್ತೀನಿ. ಈಗ ಮೋಟಾರ್ ಹಾಕ್ಬೇಡಿ. ತೊಟ್ಟಿ ನೀರನ್ನೇ ಮೊಗೆದು ಎತ್ತರದಿಂದ ಹುಯ್ಯಿರಿ, ಕಾಫಿ ಆರಿಸ್ತೀವಲ್ಲ, ಹಾಗೆ. ಗಾಳಿ ಸೇರಲಿ."

ಅಂಬುಜಮ್ಮ ಅಷ್ಟರಲ್ಲೇ ದೇವರಮನೆಯಿಂದ ಚೊಂಬು ಹಿಡಿದು ಓಡಿಬಂದಿದ್ದರು.

"ಅತ್ತೆ ಚೊಂಬು ತಂದ್ರು ಸರ್."

"ತಾಮ್ರದ್ದಾ? ಅಯ್ಯೋ ಬೇಡ! ಕಲ್ಲು ತಾಮ್ರ ಹೀರ್ಕೊಂಡ್ರೆ ಮುಂದೆ ಹವಳ, ಸೀಗಡಿ ಯಾವುದೂ ಬದುಕಲ್ಲ. ಸ್ಟೀಲು, ಸ್ಟೀಲು!"

ಸ್ಟೀಲ್ ಲೋಟ ಬಂತು. ಅಂಬುಜಮ್ಮ ಸ್ಟೂಲ್ ಹತ್ತಿ ಮೊಗೆದು ಮೊಗೆದು ಹುಯ್ದರು. "ಇಳ್ಯೋ ನನ್ನಪ್ಪ, ನಿಂಗೆ ರಜ ಬ್ಯಾಡ ಅಂತ ನಂಗೇನು ಗೊತ್ತು." ದಿವ್ಯ ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು, ಮೇಷ್ಟರು ಹೇಳಿದಂತೆ ಡಬ್ಬಿಯ ನೀರನ್ನು ಬಚ್ಚಲಿಗೆ ಚೆಲ್ಲಿದಳು. ಡಬ್ಬಿ ಒರೆಸಿದಳು. ಒಳಗಿನ ಸ್ಪಂಜನ್ನು, ಜೀವಾಣು ಸಾಯದಂತೆ ನಲ್ಲಿಗೆ ಹಿಡಿಯದೆ, ತೊಟ್ಟಿಯಿಂದಲೇ ಜಗ್ಗಿಗೆ ತೆಗೆದ ನೀರಿನಲ್ಲಿ ಅದ್ದಿ ಅದ್ದಿ ಹಿಂಡಿದಳು. ನೀರು ಕೆಂಪಾಗಿ, ತಿಳಿಯಾಯಿತು.

"ಈಗ ಹಾಕಿ."

ಗುರ್ ಎಂಬ ಸದ್ದು ಮನೆ ತುಂಬಿತು. ಮೂವರೂ ಗಾಜಿಗೆ ಮೂಗೊತ್ತಿದರು. ಒಂದು ನಿಮಿಷ. ಐದು. ಆಮೇಲೆ ಗುಂಡ ಬಾಲ ಕೊಡವಿ ಒಂದು ಗೇಣು ಇಳಿದ, ಕಲ್ಲಿನ ಪಕ್ಕಕ್ಕೆ.

"ಸರ್, ಇಳಿದ!"

"ಸದ್ಯ. ರಾತ್ರಿ ಊಟ ಹಾಕ್ಬೇಡಿ. ಒಂದು ಗಂಟೆ ಬಿಟ್ಟು ಫೋಟೋ ಕಳಿಸಿ." ಮೇಷ್ಟರು ಕೆಮ್ಮಿದರು. "ಈ ಸಲ ಮೀನನ್ನೂ ಸೇರಿಸಿ ತೆಗೀರಮ್ಮಾ."