ನಕ್ಷೆಯಲ್ಲಿ ದೊಡ್ಡವ್ವ ಕೂರುವ ಜಾಗ

ನಾನು ಬೇಸಿಗೆ ರಜೆಗಳನ್ನೆಲ್ಲ ಕಳೆದು ಬೆಳೆದ ಮನೆಯನ್ನು ನನಗೆ ಹೊಸದಾಗಿ ಪರಿಚಯ ಮಾಡಿಕೊಟ್ಟವರು ನಮ್ಮ ಆರ್ಕಿಟೆಕ್ಚರ್ ಕಾಲೇಜಿನ ಸರ್. ಪಾಪಿನಾಯಕನಹಳ್ಳಿಯಲ್ಲಿ ನಮ್ಮ ದೊಡ್ಡಪ್ಪನ, ಮಣ್ಣಿನ ಚಾವಣಿಯ ಮಾಳಿಗೆ ಮನೆಯ ಮುಂದೆ ನಿಂತು, ಮಣ್ಣಿನ ಗೋಡೆಗೆ ಅಂಗೈ ಒತ್ತಿ, "ನೋಡಿ, ಸುಸ್ಥಿರ ವಾಸ್ತುಶಿಲ್ಪ ಅಂದರೆ ಇದು" ಎಂದರು. ಸಹಪಾಠಿಗಳೆಲ್ಲ ಬರೆದುಕೊಂಡರು. ನಾನೂ ಬರೆದುಕೊಂಡೆ. ಅದೇ ಗೋಡೆಯನ್ನು ಬರುವ ವರ್ಷ ಕೆಡವಿ ಸ್ಲ್ಯಾಬ್ ಮನೆ ಕಟ್ಟಿಸುವುದಾಗಿ ದೊಡ್ಡಪ್ಪ ಆಗಲೇ ಊರೆಲ್ಲ ಸಾರಿದ್ದ.

ತಪ್ಪು ನನ್ನ ಬಾಯಿಯದು. ಕಲ್ಲುಮಂಟಪಗಳನ್ನು ಅಳೆದು ನಕ್ಷೆ ಮಾಡಲೆಂದು ನಮ್ಮ ತರಗತಿ ಹಂಪಿಗೆ ಬಂದು, ಬಾಳೆತೋಟದ ಪಕ್ಕದ ಗೆಸ್ಟ್ ಹೌಸಿನಲ್ಲಿ ಇಳಿದುಕೊಂಡಿತ್ತು. ಕಲ್ಲು ಸಾಕು, ಜನ ಬದುಕುತ್ತಿರುವ ಮನೆಯೊಂದು ಬೇಕು ಎಂದರು ಸರ್. ನಾನು ಹೊಸಪೇಟೆಯವಳು. ಇಡೀ ತರಗತಿಯಲ್ಲಿ ಈ ಸೀಮೆಯವಳು ನಾನೊಬ್ಬಳೇ ಎಂಬ ಜಂಬಕ್ಕೆ, "ನಮ್ಮ ದೊಡ್ಡಪ್ಪನ ಮನೆ ಇದೆ ಸರ್" ಎಂದುಬಿಟ್ಟೆ.

ಅದು ಕಬ್ಬಿಣದ ಅದಿರಿನ ಕಾಲ. ಸಂಡೂರಿನ ಗುಡ್ಡಗಳಿಂದ ಹೊರಟ ಲಾರಿಗಳು ದೊಡ್ಡಪ್ಪನ ಮನೆ ಮುಂದಿನ ರಸ್ತೆಯಲ್ಲಿ ಒಂದರ ಬಾಲ ಇನ್ನೊಂದು ಹಿಡಿದು ಹೋಗುತ್ತಿದ್ದವು. ಅವುಗಳ ಧೂಳಿಗೆ ಬೇವಿನ ಎಲೆ ಕೆಂಪು, ಎಮ್ಮೆಯ ಬೆನ್ನು ಕೆಂಪು, ಒಣಹಾಕಿದ ಬಿಳಿ ಪಂಚೆಯೂ ಕೆಂಪು. ದೊಡ್ಡಪ್ಪನ ದೊಡ್ಡ ಮಗ, ನನಗೆ ಅಣ್ಣ, ಗಣಿಯ ಕೆಲಸಕ್ಕೆ ಸೇರಿದ್ದ. ಅವನಿಗೆ ಹೆಣ್ಣು ಹುಡುಕುತ್ತಿದ್ದರು.

"ಮಾಳಿಗಿ ಮನಿಗೆ ಈಗ ಯಾರು ಹೆಣ್ಣು ಕೊಡ್ತಾರ್ರಿ ಸರ? ಸ್ಲ್ಯಾಬ್ ಐತೇನು ಅಂತ ಮೊದಲು ಕೇಳ್ತಾರ, ಆಮ್ಯಾಲ ಹುಡುಗನ್ನ ನೋಡ್ತಾರ" ಎಂದು ದೊಡ್ಡಪ್ಪ ಪಡಸಾಲೆಯ ಕಂಬಳಿಯ ಮೇಲೆ ಕುಳಿತು ವಿವರಿಸಿದ. ಸರ್ ನಕ್ಕರು. ಬೇಸಿಗೆಯಲ್ಲಿ ಈ ಮನೆ ಎಷ್ಟು ತಂಪು, ಸಿಮೆಂಟು ಎಷ್ಟು ಕಾವು ಎಂದು ತಿಳಿಸಿ ಹೇಳಿದರು. ಮಳೆಗಾಲಕ್ಕೆ ಮುಂಚೆ ಪ್ರತಿ ವರ್ಷ ಮಾಳಿಗೆಯ ಮೇಲೆ ನೀರು ಇಳಿಯದಂತೆ ಸವಳು ಮಣ್ಣು ಹಾಕುವ ಪದ್ಧತಿ ಕೇಳಿ ಅವರಿಗೆ ಬಹಳ ಖುಷಿಯಾಯಿತು. ಸಮುದಾಯವೇ ಮನೆಯನ್ನು ಕಾಪಾಡುವ ರೀತಿ ಇದು ಎಂದರು. ನನಗೆ ತಿಳಿದಂತೆ ಆ ಸಮುದಾಯವೆಂದರೆ ದೊಡ್ಡಪ್ಪನ ಹೆಂಡತಿ, ನಮ್ಮ ದೊಡ್ಡವ್ವ. ಹಳ್ಳದಿಂದ ಬುಟ್ಟಿ ಹೊತ್ತು ಏಣಿ ಹತ್ತುತ್ತಿದ್ದವಳು ಅವಳು. ಜೊತೆಗೆ ಕೂಲಿಗೆ ಬಂದ ಒಬ್ಬಿಬ್ಬರು ಹೆಂಗಸರು. ಆದರೆ ಮನೆ ತಂಪಾಗಿರುವುದೂ ನಿಜವೇ ಆಗಿತ್ತು, ಸರ್ ಹೇಳಿದ್ದನ್ನೇ ಬರೆದುಕೊಂಡೆ.

ಅಡುಗೆಮನೆಗೆ ಕಿಟಕಿ ಇರಲಿಲ್ಲ. ಬೆಳಕು ಒಳಗೆ ಬರಲು, ಹೊಗೆ ಹೊರಗೆ ಹೋಗಲು ಮಾಳಿಗೆಯಲ್ಲಿ ಒಂದು ಗವಾಕ್ಷಿ ಇತ್ತು. ಲಾರಿಗಳು ಹೆಚ್ಚಾದ ಮೇಲೆ ದೊಡ್ಡವ್ವ ಆ ಕಿಂಡಿಗೆ ತಗಡು ಮುಚ್ಚಿಸಿ, ಅದರ ಮೇಲೆ ಕಲ್ಲು ಇಡಿಸಿದ್ದಳು. ಹಾಗಾಗಿ ಮಟಮಟ ಮಧ್ಯಾಹ್ನವೂ ಅಲ್ಲಿ ಬಲ್ಬು ಬೇಕು. ಕರೆಂಟು ಹೋದರೆ ಒಲೆಯ ಬೆಳಕೇ ಗತಿ.

ಮಾಳಿಗೆ ಹತ್ತಿ ಅಳತೆ ತೆಗೆಯುತ್ತಿದ್ದ ಹುಡುಗರು ತಗಡು ನೋಡಿದರು. "ಅದು ಮೂಲದ್ದಲ್ಲ, ಫೋಟೊ ಮಟ್ಟಿಗೆ ತೆಗೀರಿ" ಎಂದರು ಸರ್. ತೆಗೆದರು. ಒಳಗೆ ಕತ್ತಲಲ್ಲಿ ಬಿಸಿಲು ಒಂದು ಕಂಬದ ಹಾಗೆ ಇಳಿಯಿತು. ನಿಜ ಹೇಳುತ್ತೇನೆ, ಅಷ್ಟು ಚೆಂದದ ಬೆಳಕನ್ನು ಹಂಪಿಯಲ್ಲೂ ನಾನು ನೋಡಿರಲಿಲ್ಲ. ಕಂಬದ ಕೆಳಗೆ ದೊಡ್ಡವ್ವ ಜೋಳದ ಹಿಟ್ಟು ನಾದುತ್ತ ಕುಳಿತಿದ್ದಳು. ಮೇಲೆ ಒಮ್ಮೆ ನೋಡಿ, ಹಿಟ್ಟಿನ ಪರಾತದ ಮೇಲೆ ಸೆರಗು ಹರಡಿದಳು. ಕ್ಯಾಮೆರಾ ಹಿಡಿದ ನನ್ನ ಗೆಳತಿ ಬಹಳ ವಿನಯದಿಂದ, "ಅಮ್ಮಾ, ಸ್ವಲ್ಪ ಪಕ್ಕಕ್ಕೆ ಸರೀತೀರಾ?" ಎಂದಳು. ದೊಡ್ಡವ್ವ ಎದ್ದು ಗೋಡೆಗೆ ಒತ್ತಿ ನಿಂತಳು. ಹೊರಗೆ ಲಾರಿಗಳು ಹೋಗುತ್ತಲೇ ಇದ್ದವು. ಫೋಟೊ ಮುಗಿಯುವಷ್ಟರಲ್ಲಿ ಹಿಟ್ಟು ಕೆಂಪಗಾಗಿತ್ತು.

ಧೂಳಿಲ್ಲದಿದ್ದರೆ ಆ ಕಂಬ ಕಾಣುತ್ತಲೇ ಇರಲಿಲ್ಲ ಎಂಬುದು ನನಗೆ ಹೊಳೆದದ್ದು ಊಟಕ್ಕೆ ಕುಳಿತಾಗ. ದೊಡ್ಡವ್ವ ಕೆಟ್ಟ ಹಿಟ್ಟನ್ನು ಎಮ್ಮೆಗೆ ಹಾಕಿ, ಹೊಸದಾಗಿ ನಾದಿ, ಅಷ್ಟೂ ಜನರಿಗೆ ರೊಟ್ಟಿ ಬಡಿದಿದ್ದಳು. ನನಗೆ ಸಿಟ್ಟು ನೆತ್ತಿಗೇರಿತ್ತು. ಯಾರ ಮೇಲೆ ಎಂದು ಮಾತ್ರ ತಿಳಿಯಲಿಲ್ಲ. ಸರ್ ಒಳ್ಳೆಯವರು. ಗೆಳತಿ ಒಳ್ಳೆಯವಳು. ಲಾರಿಯಲ್ಲಿ ನಮ್ಮ ಅಣ್ಣನ ಅನ್ನವಿತ್ತು.

ಅದೇ ಸಂಜೆ ಸರ್ ನನ್ನನ್ನು ಕರೆದು, "ನಿನ್ನ ಮಾತು ಕೇಳುತ್ತಾರೆ. ಕೆಡವದಂತೆ ಒಪ್ಪಿಸು. ಹಳೇ ಮನೆಯನ್ನೇ ಉಳಿಸಿಕೊಂಡು ವಿನ್ಯಾಸ ಮಾಡು, ಅದೇ ನಿನ್ನ ಪ್ರಾಜೆಕ್ಟ್" ಎಂದರು. ಮರುದಿನ ದೊಡ್ಡಪ್ಪ ಕರೆದು, "ಏನವ್ವ, ಇಷ್ಟು ಓದಸಾಕತ್ತಾರ ನಿಮ್ಮಪ್ಪ. ನಮಗೊಂದು ಪ್ಲಾನ್ ಹಾಕಿ ಕೊಡು. ಪ್ಯಾಟಿ ಮನಿ ಹಂಗ ಇರಬೇಕು, ಗ್ಯಾಸ್ ಕಟ್ಟಿ ಗಿಟ್ಟಿ ಎಲ್ಲಾ" ಎಂದ. ಎತ್ತು ಏರಿಗೆ, ಕೋಣ ನೀರಿಗೆ. ನಾನು ಇಬ್ಬರಿಗೂ ಹೂಂ ಎಂದೆ.

ಆಮೇಲೆ ಸರ್ ಇನ್ನೊಂದು ಕೆಲಸ ಕೊಟ್ಟರು. ನಕ್ಷೆಯಲ್ಲಿ ಯಾರು ಎಲ್ಲಿ ಕೂರುತ್ತಾರೆ ಎಂದು ಗುರುತಿಸಬೇಕು. ಸಂಸ್ಕೃತಿ ಅಲ್ಲಿ ಕಾಣುತ್ತದಂತೆ. ಸುಲಭದ ಕೆಲಸ ಎಂದು ಶುರುಮಾಡಿದೆ. ಪಡಸಾಲೆಯಲ್ಲಿ ದೊಡ್ಡಪ್ಪನ ಕಂಬಳಿ. ಬಾಗಿಲ ಪಕ್ಕ ಅಣ್ಣನ ಮಂಚ. ದನ ಕಟ್ಟುವ ತಗ್ಗಿನಲ್ಲಿ ಎಮ್ಮೆಗಳ ಮೇವಿನ ಗ್ವಾದಲಿ. ದೇವರಿಗೆ ಒಂದು ಕೋಣೆ, ಜೋಳದ ಚೀಲಗಳಿಗೆ ಒಂದು ಮೂಲೆ. ದೊಡ್ಡವ್ವನ ಗುರುತು ಹಾಕಲು ಜಾಗ ಹುಡುಕಿದೆ. ಪಡಸಾಲೆಗೆ ಯಾರಾದರೂ ಬಂದರೆ ಅವಳು ಎದ್ದು ಒಳಗೆ ಹೋಗುತ್ತಾಳೆ. ಒಳಗೆ ಒಲೆ ಇದೆ. ಕೊನೆಗೆ ಒಲೆಯ ಮುಂದೆ ಒಂದು ಚುಕ್ಕೆ ಇಟ್ಟೆ. ಎಮ್ಮೆಗೆ ಇದ್ದಷ್ಟು ಜಾಗ ಆ ಚುಕ್ಕೆಗೆ ಸಿಕ್ಕಿರಲಿಲ್ಲ.

ಪೆನ್ಸಿಲು ಬಿಟ್ಟು ಅಡುಗೆಮನೆಗೆ ಹೋಗಿ, "ದೊಡ್ಡವ್ವ, ಹೊಸ ಮನ್ಯಾಗ ನಿನಗೇನು ಬೇಕು?" ಎಂದೆ. ಅವಳಿಗೆ ನಗು ಬಂತು.

"ಮನಿಯೆಲ್ಲ ನಂದ ಐತಲ್ಲವ್ವ. ಬ್ಯಾರೆ ಏನು ಬೇಕು?"

ನಾನು ಅಲ್ಲಿಂದ ಏಳಲಿಲ್ಲ. ಒಂದೆರಡು ರೊಟ್ಟಿ ಬಡಿದು ಮುಗಿದ ಮೇಲೆ ಅವಳು ಒಲೆಯ ಕಡೆಗೇ ಮುಖ ಮಾಡಿಕೊಂಡು ಹೇಳಿದಳು. "ಕಂಪ್ಲ್ಯಾಗ, ನಮ್ಮ ತವರಮನ್ಯಾಗ, ಹಿತ್ತಲ ಕಡೆ ಒಂದು ಸಣ್ಣ ಖೋಲಿ ಇತ್ತು. ಕಿಟಕ್ಯಾಗಿಂದ ಭತ್ತದ ಗದ್ದಿ ಕಾಣತಿತ್ತು. ಕಾಲು ಚಾಚಿ ಕುಂತ್ರ ಏಳು ಅನ್ನವರಿದ್ದಿಲ್ಲ. ಅಂಥಾದ್ದೊಂದು ಇದ್ರ ಚಲೋ ಆಕ್ಕಿತ್ತು. ನಿಮ್ಮ ದೊಡ್ಡಪ್ಪಗ ಹೇಳಬ್ಯಾಡ ಮತ್ತ."

ಅಲ್ಲಿಂದ ನನಗೆ ಸರ್ ಹೇಳಿದ ಮನೆಯೂ ಬೇಡವಾಯಿತು, ದೊಡ್ಡಪ್ಪ ಹೇಳಿದ ಮನೆಯೂ ಬೇಡವಾಯಿತು. ಆ ಖೋಲಿ ಯಾವ ಮನೆಯಲ್ಲಿ ಆಗುತ್ತದೋ ಆ ಮನೆ ಬೇಕಿತ್ತು. ದೊಡ್ಡಪ್ಪ ಕೆಡವಿಯೇ ತೀರುತ್ತಾನೆ ಎಂದು ಗೊತ್ತಿದ್ದರಿಂದ ಸ್ಲ್ಯಾಬಿನ ಮನೆಯನ್ನೇ ಬರೆದೆ. ಅಡುಗೆಮನೆಯ ಹಿಂದೆ, ರಸ್ತೆಗೆ ಬೆನ್ನು ಮಾಡಿ, ಪೂರ್ವಕ್ಕೆ ಕಿಟಕಿ ಇಟ್ಟು ಒಂದು ಸಣ್ಣ ಕೋಣೆ. ದೊಡ್ಡಪ್ಪ ನಕ್ಷೆ ನೋಡಿ, "ಇದೇನಿದು?" ಎಂದ. "ಕಾಳುಕಡಿ ಇಡಾಕ" ಎಂದೆ. ಕಾಳಿಗಾದರೆ ಕಿಟಕಿ ಯಾಕೆ ಎಂದು ಅವನು ಕೇಳಲಿಲ್ಲ, ಪುಣ್ಯ.

ನಕ್ಷೆಗಳಿಗೆ ಅಂಕ ಕೊಡುವ ಕಾಲೇಜಿನ ಜ್ಯೂರಿಯಲ್ಲಿ ಅಷ್ಟು ಸುಲಭವಾಗಿ ಬಿಡಲಿಲ್ಲ. "ಆ ಮನೆಯ ಮಗಳೇ ಅದನ್ನು ಕೆಡವಿದರೆ ಉಳಿಸುವವರು ಯಾರು?" ಎಂದು ಸರ್ ಬೇಸರದಿಂದ ಕೇಳಿದರು. ಬೇಸರ ನಟನೆಯದಲ್ಲ. ನಾನು ಧೂಳಿನ ಬಗ್ಗೆ, ಬುಟ್ಟಿ ಹೊರುವುದರ ಬಗ್ಗೆ, ಖೋಲಿಯ ಬಗ್ಗೆ ತಡವರಿಸುತ್ತ ಹೇಳಿದೆ. ಹೊರಗಿನಿಂದ ಬಂದಿದ್ದ ಮೇಡಂ ಒಬ್ಬರು ನಕ್ಷೆಯ ಮೇಲೆ ಬೆರಳಿಟ್ಟು, "ಒಬ್ಬರಿಗೆ ಕೋಣೆ ಕೊಟ್ಟೆಯಮ್ಮ, ಮನೆಯ ರೂಢಿ ಹಾಗೇ ಇದೆಯಲ್ಲ" ಎಂದರು. ರೂಢಿಯನ್ನು ಯಾವ ಅಳತೆಯಲ್ಲಿ ಬರೆಯುವುದೆಂದು ನಮಗೆ ಯಾರೂ ಕಲಿಸಿರಲಿಲ್ಲ. ಪಾಸಾದೆ, ಅಷ್ಟೆ. ಬೆಳಕಿನ ಕಂಬದ ಫೋಟೊ ದೊಡ್ಡದಾಗಿ ಕಾಲೇಜಿನ ಮೊಗಸಾಲೆಯ ಗೋಡೆ ಏರಿತು.

ಮನೆ ಎದ್ದಿತು, ಹೆಣ್ಣು ಸಿಕ್ಕಿತು, ಮದುವೆಯೂ ಆಯಿತು. ಪರೀಕ್ಷೆಯ ದೆಸೆಯಿಂದ ನನಗೆ ಹೋಗಲಾಗಲಿಲ್ಲ. ದೀಪಾವಳಿಗೆ ಹೋದಾಗ ಖೋಲಿ ನೋಡುವ ಆತುರದಲ್ಲಿ ನೇರ ಹಿಂದಕ್ಕೇ ನಡೆದೆ. ಬಾಗಿಲು ಒಳಗಿನಿಂದ ಮುಚ್ಚಿತ್ತು. ದೊಡ್ಡವ್ವ ಒಳಗೆ ಕಾಲು ಚಾಚಿ ಕುಳಿತಿದ್ದಾಳೆ ಎಂದುಕೊಂಡು ನನಗಾದ ಸಂತೋಷ ಹೇಳತೀರದು. ಆಗ ಅಡುಗೆಮನೆಯಿಂದ ಅವಳ ದನಿ ಬಂತು.

"ಬಾಗಿಲ ಬಡೀಬ್ಯಾಡವ್ವ. ಸೊಸಿ ಅದಾಳ ಒಳಗ."

"ಅದು ನಿನ್ನ ಖೋಲಿ ಅಲ್ಲೇನು?" ಎಂದೆ. ನನ್ನ ದನಿ ಏರಿತ್ತು.

"ಸಣ್ಣಕ ಮಾತಾಡು. ಆಕಿ ಹೊಸಾಕಿ. ಇಷ್ಟು ಮಂದಿ ಗಂಡಸರಿರೋ ಮನ್ಯಾಗ ಆಕಿ ಎಲ್ಲಿ ಕುಂದ್ರಬೇಕು? ಕಾಲು ಚಾಚಿ ಕುಂದ್ರು ಅಂತ ನಾನ ಹೇಳೇನಿ."

"ಮತ್ತ ನೀನು?"

"ನನಗ ರೂಢಿ ಐತಿ ಬಿಡು."

ನಾನು ಗೆದ್ದೆನೋ ಸೋತೆನೋ ತಿಳಿಯಲಿಲ್ಲ, ಇವತ್ತಿಗೂ ತಿಳಿದಿಲ್ಲ. ಅಡುಗೆಮನೆಗೆ ಹೋದೆ. ಒಲೆ ಇಲ್ಲ. ಅದರ ಬದಲು ಸೊಂಟದೆತ್ತರದ ಗ್ಯಾಸ್ ಕಟ್ಟೆ ಬಂದಿತ್ತು, ಮೇಲೆ ನುಣುಪಾದ ಕಪ್ಪು ಕಲ್ಲು. ಮೊದಲು ಒಲೆಯ ಮುಂದೆಯಾದರೂ ಕೂರುತ್ತಿದ್ದವಳು ಈಗ ನಿಂತೇ ರೊಟ್ಟಿ ಬಡಿಯುತ್ತಿದ್ದಳು. ಮೂಲೆಯಲ್ಲಿದ್ದ ಮಣೆಯನ್ನು ಕಾಲಿನಿಂದ ನನ್ನತ್ತ ಸರಿಸಿ, "ನೀ ಕುಂದ್ರು, ಬಿಸಿ ಇದ್ದಾಗ ತಿನ್ನು" ಎಂದಳು.