ಲಾರಿಯ ಹೊಟ್ಟೆಗೆ ಪೌಡರ್ ಬಳಿಯುವ ಕೆಂಪಕ್ಕ

ಅರಸೀಕೆರೆ ದಾಟಿ ಜಾವಗಲ್ ರಸ್ತೆ ಹಿಡಿದರೆ ಎಡಕ್ಕೊಂದು ವಾಟರ್ ಸರ್ವಿಸ್ ಇದೆ. ಬೋರ್ಡಿನ ಅಕ್ಷರಗಳು ಎಂದೋ ಅಳಿಸಿಹೋಗಿವೆ. ಯಾರನ್ನು ಕೇಳಿದರೂ ‘ಕೆಂಪಕ್ಕನ ಸರ್ವಿಸ್ಸಾ?’ ಎಂದೇ ದಾರಿ ತೋರಿಸುತ್ತಾರೆ. ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ರ‍್ಯಾಂಪಿನ ಮೇಲೆ ನಿಂತ ಹಳೇ ಟ್ರಕ್ಕಿನ ಅಡಿಯಿಂದ ಒಂದು ಜೊತೆ ಗಂಬೂಟು ಮಾತ್ರ ಆಚೆ ಚಾಚಿಕೊಂಡಿವೆ. ಒಳಗಿನಿಂದ ದನಿ ಬರುತ್ತದೆ.

“ರೀ, ಪೌಡರ್ ಡಬ್ಬಿ ಈಗ್ಲೇ ಈ ಕಡೆ ಕೊಟ್ಟಿರಿ, ತೊಳೆದ್ಮೇಲೆ ಬೇಕು.”

ಪಂಪಿನ ಸ್ವಿಚ್ಚಿನ ಪಕ್ಕ ಕೂತ ಗಂಡ ಕಾಳಯ್ಯ ಡಬ್ಬಿ ಉರುಳಿಸುತ್ತಾ ನಗುತ್ತಾರೆ. “ಮದ್ವೆ ದಿನಾನೂ ಇವ್ಳು ಇಷ್ಟು ಪೌಡರ್ ಹಚ್ಕೊಂಡಿರ್ಲಿಲ್ಲ ಕಣ್ರೀ. ಲಾರಿಗಾದ್ರೆ ಡಬ್ಬಿಗಟ್ಲೆ ಸುರೀತಾಳೆ.”

“ಲಾರಿ ಹೇಳಿದ್ ಮಾತು ಕೇಳ್ತೈತೆ, ಅದ್ಕೆ!” ಅಡಿಯಿಂದಲೇ ಉತ್ತರ.

ಕೆಂಪಕ್ಕನ ಪೂರ್ತಿ ಹೆಸರು ಕೆಂಪಲಕ್ಷ್ಮಮ್ಮ, ವಯಸ್ಸು ಐವತ್ತರ ಆಸುಪಾಸು. ಮೊದಲು ಇಲ್ಲಿ ಲಾರಿ ತೊಳೆಯುತ್ತಿದ್ದವರು ಕಾಳಯ್ಯ. ಅವರ ಸೊಂಟ ಕೈಕೊಟ್ಟ ಮೇಲೆ ನೀರಿನ ಪೈಪು ಹೆಂಡತಿಯ ಕೈಗೆ ಬಂತು. ಹೆಂಗಸು ಲಾರಿಯಡಿ ತೂರುವುದನ್ನು ನೋಡಿ ನಕ್ಕ ಡ್ರೈವರುಗಳೇ ಈಗ ಸಾಲು ನಿಲ್ಲುತ್ತಾರೆ. ದಿನಕ್ಕೆ ಏಳೆಂಟು ಗಾಡಿ. ಗಾಡಿಯ ಫಿಟ್‌ನೆಸ್ ಪತ್ರ, ಅಂದರೆ ಎಫ್‌ಸಿ, ಮಾಡಿಸುವವರು ಹೆಚ್ಚಾದರೆ ಊಟಕ್ಕೂ ಬಿಡುವಿಲ್ಲ. ಮೊಣಕೈ ಕಪ್ಪುಗಟ್ಟಿದೆ, ಬೆರಳ ಸಂದಿಯಲ್ಲಿ ಸೋಪಿನ ಹುಣ್ಣು. ಆದರೆ ಹಗಲೆಲ್ಲ ಲಾರಿಗಳ ಹೊಟ್ಟೆಯನ್ನೇ ನೋಡಿ ನೋಡಿ, ಯಾವ ಎಣ್ಣೆ ಎಲ್ಲಿಂದ ಜಿನುಗುತ್ತದೆ ಎಂಬುದು ಅವರ ಕಣ್ಣಿಗೆ ಹತ್ತಿಬಿಟ್ಟಿದೆ.

“ಎಲ್ರೂ ರಿಪೇರಿ ಮುಗಿಸ್ಕೊಂಡು ತೊಳ್ಸಕ್ಕೆ ಬತ್ತಾರೆ. ಮೊದ್ಲು ತೊಳ್ಸಿ ಅಂತೀನಿ ನಾನು. ಕೊಳೆ ಮೇಲೆ ಕೊಳೆ ಕೂತಿದ್ರೆ ಸೋರಿಕೆ ಎಲ್ಲಿಂದ ಕಾಣ್ತದೆ?”

ಇವತ್ತು ರ‍್ಯಾಂಪ್ ಏರಿರುವುದು ಕಣಕಟ್ಟೆಯ ಹೊನ್ನಯ್ಯನವರ ಟ್ರಕ್ಕು. ಯಾವುದೋ ಕಾರ್ಖಾನೆಯ ಹರಾಜಿನಲ್ಲಿ ಕೊಂಡದ್ದು, ಈ ಕಡೆ ಅಪರೂಪದ ಆಟೋಮ್ಯಾಟಿಕ್ ಗಾಡಿ. ಅಪಘಾತವೊಂದರಲ್ಲಿ ಹೊನ್ನಯ್ಯನವರ ಎಡಮಂಡಿ ಮಡಚುವುದನ್ನೇ ನಿಲ್ಲಿಸಿದೆ; ಕ್ಲಚ್ ತುಳಿಯಲಾಗದು. ಇದಕ್ಕೆ ಕ್ಲಚ್ಚೇ ಇಲ್ಲವಾದ್ದರಿಂದ ತೋಟಗಳ ತೆಂಗಿನ ಸಿಪ್ಪೆಯನ್ನು ನಾರಿನ ಫ್ಯಾಕ್ಟರಿಗೆ ಸಾಗಿಸಿಕೊಂಡು ತಲೆಯೆತ್ತಿ ಬದುಕಿದ್ದಾರೆ. ಈಗ ಆ ಗೇರ್‌ಬಾಕ್ಸಿನ ಕೆಂಪು ಎಣ್ಣೆ ಸೋರುತ್ತಿದೆ. ಎರಡು ಗ್ಯಾರೇಜುಗಳಲ್ಲಿ ತಳದ ಪ್ಯಾಕಿಂಗ್ ಬದಲಿಸಿದ್ದಾಯಿತು. ನಿಂತಿಲ್ಲ. ಗುಜರಿಯವರು ಬಂದು ಗಾಡಿ ನೋಡಿಕೊಂಡು ಹೋಗಿದ್ದಾರೆ.

“ಇದು ಹೋದ್ರೆ ಇನ್ನೊಬ್ರ ಲಾರಿ ಓಡ್ಸಕ್ಕೂ ಆಗಲ್ಲ, ಲೋಡ್ ಎತ್ತಕ್ಕೂ ಆಗಲ್ಲ. ಮನೇಲಿ ಕೂರ್ಬೇಕಷ್ಟೆ” ಎನ್ನುತ್ತಾರೆ ಹೊನ್ನಯ್ಯ.

ಜೊತೆಗೆ ಬಂದಿರುವ ಮೆಕ್ಯಾನಿಕ್ ಸಂತೋಷ್‌ಗೂ ಸಂಕಟವೇ. “ಗೇರ್‌ಬಾಕ್ಸ್ ಬಿಚ್ಚದೆ ದಾರಿ ಇಲ್ಲ ಅಕ್ಕ. ಬಿಚ್ಚಿದ್ರೆ ಒಳಗಿನ ಸೀಲುಗಳು ಸಿಗುತ್ತೆ ಅಂತ ಗ್ಯಾರಂಟಿನೂ ಇಲ್ಲ.”

ಕೆಂಪಕ್ಕ ತೊಟ್ಟಿಕ್ಕಿದ ಎಣ್ಣೆಯನ್ನು ಬೆರಳಲ್ಲಿ ಉಜ್ಜಿ ಮೂಸುತ್ತಾರೆ. “ಸುಟ್ಟ ವಾಸ್ನೆ ಇಲ್ಲ ಕಣಪ್ಪ. ಗೇರ್‌ಬಾಕ್ಸ್ ಒಳಗೆ ಗಟ್ಟಿಯಾಗೇ ಐತೆ.”

“ವಾಸ್ನೆ ಚೆನ್ನಾಗಿದ್ರೆ ಸೋರೋದು ನಿಲ್ಲುತ್ತಾ?”

“ನಿಲ್ಲಲ್ಲ. ಅದ್ಕೇ ಒಂದು ಬೆಳಗ್ಗೆ ನನಗೆ ಬಿಡು. ಆಮೇಲೆ ಬೇಕಾದ್ರೆ ಬಿಚ್ಚು.”

ಸಂತೋಷ್ ಪಾನಾವನ್ನು ಪೆಟ್ಟಿಗೆಗೆ ಹಾಕಿ, ತಾವೇ ಬಟ್ಟೆ ಹಿಡಿದು ಒರೆಸಲು ನಿಲ್ಲುತ್ತಾರೆ. ತೊಳೆದು, ಗಾಳಿ ಹೊಡೆದು, ಒಣಗಿಸಿ, ಕೊನೆಗೆ ಮುಖದ ಪೌಡರ್. ತೊಟ್ಟಿಕ್ಕುವ ಜಾಗಕ್ಕೆ ಮಾತ್ರವಲ್ಲ, ಮುಂದಿನ ರೇಡಿಯೇಟರಿನಿಂದ ಹಿಂದಿನ ಗೇರ್‌ಬಾಕ್ಸಿನವರೆಗೆ ಎಲ್ಲವೂ ಬಿಳಿ ಬಿಳಿ. ಎಂಜಿನ್ ಚಾಲೂ ಮಾಡಿ ಕಾಯುತ್ತಾರೆ. ಒಂದು ಹನಿಯೂ ಇಲ್ಲ. ಹೊನ್ನಯ್ಯನವರ ಮುಖ ಇನ್ನಷ್ಟು ಇಳಿಯುತ್ತದೆ.

“ನಿಂತಲ್ಲೇ ನಿಂತ್ರೆ ಅದ್ಯಾಕೆ ಸೋರ್ತದೆ? ಹಸಿ ಸಿಪ್ಪೆ ಭರ್ತಿ ಹೇರ್ಕೊಂಡು ಜಾವಗಲ್‌ಗೆ ಹೋಗಿ ಬಾ. ಮೈ ಬಿಸಿಯಾಗಿ ಏದುಸಿರು ಬರ್ಲಿ.”

ಟ್ರಕ್ಕು ಲೋಡಿನೊಂದಿಗೆ ಹೋಗಿ ಬರುವಷ್ಟರಲ್ಲಿ ಬಿಸಿಲು ಚುರುಗುಟ್ಟುತ್ತಿದೆ. ಗಂಬೂಟುಗಳು ಮತ್ತೆ ಅಡಿಗೆ ಸೇರುತ್ತವೆ. ಟಾರ್ಚಿನ ಬೆಳಕು ಗೇರ್‌ಬಾಕ್ಸಿನಿಂದ ಮೆಲ್ಲಗೆ ಮುಂದಕ್ಕೆ ಸರಿಯುತ್ತದೆ.

“ಬಾರಪ್ಪ ಸಂತೋಷ, ನೋಡು.”

ಬಿಳಿ ಪೌಡರಿನ ಮೇಲೆ ಕುಂಕುಮದ ಗೀರಿನಂತೆ ಕೆಂಪು ಎಣ್ಣೆಯ ಜಾಡು. ಅದು ಹೊರಟಿರುವುದು ಗೇರ್‌ಬಾಕ್ಸಿನಿಂದಲ್ಲ. ಎಣ್ಣೆಯನ್ನು ತಂಪು ಮಾಡಲು ರೇಡಿಯೇಟರಿನತ್ತ ಒಯ್ಯುವ ಕೊಳವೆಯಿದೆಯಲ್ಲ, ಅದರ ರಬ್ಬರು ಕಬ್ಬಿಣಕ್ಕೆ ಕೂಡುವ ಜಾಗದಿಂದ. ಬಿಸಿಯೇರಿದಾಗ ಅಲ್ಲಿ ಸಣ್ಣಗೆ ಚಿಮ್ಮುತ್ತದೆ. ಓಡುವ ಗಾಡಿಯ ಗಾಳಿ ಅದನ್ನು ಚಾಸಿಯ ಉದ್ದಕ್ಕೂ ಹಿಂದಕ್ಕೆ ಹೊಡೆದು ಗೇರ್‌ಬಾಕ್ಸಿನ ತಳಕ್ಕೆ ಕೂರಿಸುತ್ತದೆ. ಹನಿ ಬೀಳುವುದು ಅಲ್ಲಿಂದ, ಬೈಗುಳ ತಿಂದದ್ದೂ ಗೇರ್‌ಬಾಕ್ಸೇ.

ಅಡಿಯಿಂದಲೇ ಸಂತೋಷ್ ಕೂಗುತ್ತಾರೆ: “ಹೊನ್ನಣ್ಣಾ! ಒಂದು ಪೈಪು ಕಣಣ್ಣ, ಬರೀ ಒಂದು ಪೈಪು! ಗೇರ್‌ಬಾಕ್ಸ್ ಮುಟ್ಟೋದೇ ಬೇಡ!”

ಹೊನ್ನಯ್ಯ ಟ್ರಕ್ಕಿನ ಬಾಗಿಲಿಗೆ ಹಣೆ ಆನಿಸಿ ನಿಲ್ಲುತ್ತಾರೆ. ಕಾಳಯ್ಯ ಸುಮ್ಮನಿರುವವರಲ್ಲ. “ಏನ್ಲಾ, ಗಾಡಿಗೆ ಮುತ್ತು ಕೊಡ್ತಿದ್ದೀಯಾ? ಪೌಡರ್ ಹಚ್ಚಿದೋಳಿಗೆ ಒಂದು ಟೀನಾದ್ರೂ ಕೊಡ್ಸು!”

ಸಂತೋಷ್ ಹೊಸ ಪೈಪು ಕೂರಿಸಿ, ಎಂಜಿನ್ ಓಡುತ್ತಿರುವಾಗಲೇ ಅಳತೆ ಕಡ್ಡಿ ಎಳೆದು ನೋಡಿ ಎಣ್ಣೆ ತುಂಬುತ್ತಾರೆ. ಮತ್ತೆ ಪೌಡರ್, ಮತ್ತೆ ಜಾವಗಲ್. ಈ ಸಲ ಹಿಂದಿರುಗಿದಾಗ ಪೌಡರಿನ ಮೇಲೆ ರಸ್ತೆಯ ಧೂಳು ಬಿಟ್ಟರೆ ಬೇರೆ ಕಲೆಯಿಲ್ಲ. “ಇನ್ಮೇಲೆ ಸೋರೋ ಗಾಡಿ ಯಾವ್ದೇ ಬಂದ್ರೂ ಮೊದ್ಲು ಅಕ್ಕನ ಹತ್ರ, ಆಮೇಲೆ ನನ್ನ ಹತ್ರ” ಎಂದು ಸಂತೋಷ್ ಎಲ್ಲರಿಗೂ ಕೇಳುವಂತೆ ಸಾರುತ್ತಾರೆ. ಅಷ್ಟರಲ್ಲಿ ಹೊನ್ನಯ್ಯನವರ ಫೋನು ಬಡಿದುಕೊಳ್ಳುತ್ತದೆ. ಗುಜರಿಯವರು.

“ಇಲ್ಲ ಸ್ವಾಮಿ, ಕೊಡಲ್ಲ. ನಾಳೆ ಲೋಡ್ ಐತೆ!” ಅವರ ದನಿಗೆ ಪಕ್ಕದ ಟೀ ಅಂಗಡಿಯವರೂ ತಿರುಗಿ ನೋಡುತ್ತಾರೆ.

ಫೋನಿಟ್ಟು ಅವರು ಕೆಂಪಕ್ಕನ ಕಡೆ ತಿರುಗುತ್ತಾರೆ. “ಅಕ್ಕ, ಭಾನುವಾರ ಇದ್ರಲ್ಲೇ ಮುಂದೆ ಕೂರಿಸ್ಕೊಂಡು ಬೇಲೂರು, ಹಳೇಬೀಡು ತೋರಿಸ್ತೀನಿ. ಬಾ.”

ಕೆಂಪಕ್ಕ ಗಂಬೂಟಿನ ನೀರು ಬಸಿಯುತ್ತಾ ಯೋಚಿಸುತ್ತಾರೆ.

“ಗುಡಿ ಎಲ್ಲಿಗೂ ಓಡೋಗಲ್ಲ. ಬೇಲೂರು ದಾಟಿ ಅರೇಹಳ್ಳಿ ಕಡೆ ಏರು ಐತಲ್ಲ, ಮೊದ್ಲು ಅದನ್ನ ಹತ್ಸು. ಮೇಲೆ ಹೋದ್ಮೇಲೆ ನಾನು ಇಳಿದು ಒಂದ್ಸಲ ಅಡಿಗೆ ಬಗ್ಗಿ ನೋಡ್ಬೇಕು.”